ಬರ್ಮಾದ ಸ್ವಾತಂತ್ರ್ಯ ಹೋರಾಟಗಾರರಿಗೆ ಸಂದ ಗೌರವ



ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ 1972ರಲ್ಲಿ ನಮ್ಮ ಸರ್ಕಾರ ಹೋರಾಟಗಾರರಿಗೆ ತಾಮ್ರಪತ್ರ ನೀಡಿ ಗೌರವಿಸಿತು. ಅಂಥ ಪತ್ರವನ್ನು ನಿಮ್ಮ ಊರಿನ ಹಿರಿಯರೊಬ್ಬರ ಮನೆಯ ಗೋಡೆಯ ಮೇಲೆ ನೀವು ನೋಡಿರಬಹುದು. ನಮ್ಮ ನೆರೆಯ ಬರ್ಮಾ, ಅಂದರೆ ಇಂದಿನ ಮ್ಯಾನ್ಮಾರ್ ಕೂಡ ತನ್ನ ಹೋರಾಟಗಾರರಿಗೆ ಇಂಥ ಗೌರವಗಳನ್ನು ನೀಡಿದೆ. ಆದರೆ ಅಲ್ಲಿನ ಕಥೆ ಸ್ವಲ್ಪ ಬೇರೆ.

1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತವಾಗಿತ್ತು. ಲೋಕಮಾನ್ಯ ತಿಲಕರು ‘ಗೀತಾರಹಸ್ಯ’ವನ್ನು ಬರೆದದ್ದು ಅಲ್ಲಿನ ಮಂಡಾಲೆ ಸೆರೆಮನೆಯಲ್ಲಿ ಎಂಬುದು ನಿಮಗೆ ತಿಳಿದೇ ಇದೆ. ಬರ್ಮಾದ ಜನರೂ ಸುಮ್ಮನಿರಲಿಲ್ಲ. ಬೌದ್ಧ ಭಿಕ್ಷು ಊ ವಿಸಾರ 1929ರಲ್ಲಿ ಸೆರೆಮನೆಯಲ್ಲಿ ದೀರ್ಘ ಉಪವಾಸ ಮಾಡಿ ಪ್ರಾಣ ಬಿಟ್ಟರು. 1930ರ ಕೊನೆಯಲ್ಲಿ ಸಾಯಾ ಸಾನ್ ಎಂಬಾತ ರೈತರ ದಂಗೆಗೆ ನಾಯಕನಾದ. ಮರುವರ್ಷ ಆತನನ್ನು ಗಲ್ಲಿಗೇರಿಸಲಾಯಿತು. ಬರ್ಮಾದಲ್ಲಿ ಬಿಳಿಯರನ್ನು ‘ತಖಿನ್’, ಅಂದರೆ ‘ಒಡೆಯ’ ಎಂದು ಕರೆಯಬೇಕಾಗಿತ್ತು. ನಾಡಿನ ಒಡೆಯರು ನಾವೇ ಎಂದು ಸಾರಲು ತರುಣರು ಆ ಬಿರುದನ್ನು ತಮ್ಮ ಹೆಸರಿಗೇ ಸೇರಿಸಿಕೊಂಡರು. 1936ರ ವಿಶ್ವವಿದ್ಯಾನಿಲಯ ಮುಷ್ಕರದಲ್ಲಿ ಮುಂದೆ ನಿಂತ ಆಂಗ್ ಸಾನ್ ಮತ್ತು ನು ಇಬ್ಬರೂ ಆಗ ನಿಮ್ಮಂತೆಯೇ ವಿದ್ಯಾರ್ಥಿಗಳು.

ಆಂಗ್ ಸಾನ್ ಸೇರಿದಂತೆ ಮೂವತ್ತು ತರುಣರು 1941ರಲ್ಲಿ ಜಪಾನೀಯರಿಂದ ಗುಟ್ಟಾಗಿ ಸೈನಿಕ ತರಬೇತಿ ಪಡೆದರು. ಜಪಾನೀಯರೂ ಹೊಸ ಒಡೆಯರಾಗಿಯೇ ಬಂದವರೆಂದು ಅರಿವಾದಾಗ, 1945ರ ಮಾರ್ಚ್ 27ರಂದು ಅವರ ವಿರುದ್ಧವೇ ತಿರುಗಿ ನಿಂತರು. 1947ರ ಜುಲೈ 19ರಂದು ಆಂಗ್ ಸಾನ್ ಸಹೋದ್ಯೋಗಿಗಳೊಡನೆ ಹತ್ಯೆಯಾದರು. 1948ರ ಜನವರಿ 4ರಂದು, ಜ್ಯೋತಿಷಿಗಳು ಇಟ್ಟುಕೊಟ್ಟ ಮುಹೂರ್ತದಂತೆ, ಬೆಳಗಿನ ಜಾವ 4 ಗಂಟೆ 20 ನಿಮಿಷಕ್ಕೆ ದೇಶ ಸ್ವತಂತ್ರವಾಯಿತು.

ಮುಂದೆ ನಡೆದದ್ದು ದುಃಖದ ಸಂಗತಿ. ಒಟ್ಟಿಗೆ ಹೋರಾಡಿದವರೇ ಪರಸ್ಪರ ಶತ್ರುಗಳಾದರು. ಕಮ್ಯುನಿಸ್ಟ್ ನಾಯಕ ತಖಿನ್ ಸೋ ಕಾಡು ಸೇರಿ, 1970ರಲ್ಲಿ ಸೆರೆಸಿಕ್ಕರು. ಪ್ರಧಾನಿಯಾಗಿದ್ದ ಊ ನು ಅವರನ್ನು 1962ರಲ್ಲಿ ಪದಚ್ಯುತಗೊಳಿಸಿ ಸೆರೆಯಲ್ಲಿಟ್ಟವರು ಸೇನಾನಿ ನೆ ವಿನ್. ಇವರೂ ಆ ಮೂವತ್ತು ಮಂದಿಯಲ್ಲಿ ಒಬ್ಬರು! ಬಿಡುಗಡೆಯ ನಂತರ ಊ ನು ದೇಶ ಬಿಟ್ಟರು. ಕೆಲವು ವರ್ಷ ನಮ್ಮ ಭೋಪಾಲದಲ್ಲಿ ಆಶ್ರಯ ಪಡೆದಿದ್ದರು.

1980ರಲ್ಲಿ ನೆ ವಿನ್ ಸರ್ಕಾರ ಸಾರ್ವತ್ರಿಕ ಕ್ಷಮಾದಾನ ಘೋಷಿಸಿತು. ಊ ನು ಸ್ವದೇಶಕ್ಕೆ ಮರಳಿದರು, ತಖಿನ್ ಸೋ ಸೆರೆಯಿಂದ ಹೊರಬಂದರು. ಅದೇ ವರ್ಷ ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡವರಿಗಾಗಿ ‘ನೈಂಗಾನ್ ಗೊನ್‌ಯೀ’ ಎಂಬ ಗೌರವ ಸ್ಥಾಪಿತವಾಯಿತು. ‘ರಾಷ್ಟ್ರದ ಗೌರವ’ ಎಂದು ಇದರ ಅರ್ಥ. ಇದರಲ್ಲಿನ ‘ಗೊನ್’ ಪಾಲಿ ಭಾಷೆಯ ಮೂಲಕ ಅಲ್ಲಿಗೆ ಹೋದ ನಮ್ಮ ‘ಗುಣ’ ಶಬ್ದವೇ. ಸ್ವಾತಂತ್ರ್ಯ ಹೋರಾಟಗಾರರಿಗೆ ಮೀಸಲಾದ ‘ಮೋಗುನ್‌ವಿನ್’ ಎಂಬ ಇನ್ನೊಂದು ಪದವಿಯೂ ಉಂಟು. ‘ದಾಖಲೆಯಲ್ಲಿ ಸೇರಿದವರು’ ಎಂಬುದು ಈ ಮಾತಿನ ತಿರುಳು.

ಹೊಸ ಗೌರವದ ಹಿಂದಿನ ಯೋಚನೆ ಹಿರಿದಾದುದೇ. ಸ್ವಾತಂತ್ರ್ಯಾನಂತರ ಯಾರು ಯಾವ ಪಕ್ಷಕ್ಕೆ ಹೋದರೂ, 1948ಕ್ಕೆ ಮೊದಲು ಅವರು ಮಾಡಿದ ತ್ಯಾಗ ಸುಳ್ಳಾಗುವುದಿಲ್ಲ. ಆದರೆ ಇನ್ನೊಂದು ಮುಖವನ್ನೂ ನೀವು ಗಮನಿಸಬೇಕು. ಹಳೆಯ ಹೋರಾಟವನ್ನು ಗೌರವಿಸಿದ ಆ ಸರ್ಕಾರ, ತನ್ನ ಕಾಲದ ಜನರಿಗೆ ಪಕ್ಷ ಕಟ್ಟುವ ಸ್ವಾತಂತ್ರ್ಯ ಕೊಟ್ಟಿರಲಿಲ್ಲ. 1988ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ ಅವರ ಮೇಲೆ ಗುಂಡು ಹಾರಿತು. ಆಂಗ್ ಸಾನ್ ಅವರ ಮಗಳು ಸೂ ಚಿ ಆ ಚಳವಳಿಯನ್ನು ಎರಡನೆಯ ಸ್ವಾತಂತ್ರ್ಯ ಹೋರಾಟವೆಂದೇ ಬಣ್ಣಿಸಿದರು. ಊ ನು ಅವರನ್ನು 1989ರ ಕೊನೆಯಲ್ಲಿ ಗೃಹಬಂಧನದಲ್ಲಿಡಲಾಯಿತು.

ಪದಕವನ್ನು ಸರ್ಕಾರ ಕೊಡಬಲ್ಲದು. ಆದರೆ ಹೋರಾಟಗಾರರನ್ನು ರೂಪಿಸುವುದು ಅನ್ಯಾಯವನ್ನು ಸಹಿಸದ ಮನಸ್ಸು. ಮುಂದಿನ ಬಾರಿ ತಾಮ್ರಪತ್ರವೊಂದನ್ನು ಕಂಡಾಗ ಅದರಲ್ಲಿರುವ ಹೆಸರನ್ನು ಗೌರವದಿಂದ ಓದಿ. ಜೊತೆಗೆ, ಆ ಊರಿನಲ್ಲಿ ಯಾವ ಪತ್ರದಲ್ಲೂ ಹೆಸರು ಸೇರದೆ ಹೋದವರು ಯಾರು ಎಂದು ಹಿರಿಯರನ್ನು ಕೇಳಿ. ಇತಿಹಾಸದ ಅಧ್ಯಯನ ಅಲ್ಲಿಂದಲೇ ಆರಂಭವಾಗಬಹುದು.