ಕೊನೆಯ ಮೂರು ನಿಮಿಷ: ಟೊಯೊಟಾ ಲೆ ಮಾನ್ ಗೆದ್ದ ಕತೆ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಅಂಥದ್ದೇ ಒಂದು ಕತೆ ಇವತ್ತು. ಕಾರ್ ರೇಸಿನ ಕತೆ. ರೇಸ್ ನೋಡದವರಿಗೂ ಅರ್ಥ ಆಗುತ್ತೆ, ಕೇಳಿ.

ಫ್ರಾನ್ಸ್‌ನ ಲೆ ಮಾನ್‌ನಲ್ಲಿ 1923ರಿಂದ ಈ ರೇಸ್ ನಡೀತಿದೆ. ಸತತ 24 ಗಂಟೆ. ಶನಿವಾರ ಮಧ್ಯಾಹ್ನ ಶುರುವಾದರೆ ಭಾನುವಾರ ಮಧ್ಯಾಹ್ನದವರೆಗೆ ಓಟ. ಅಷ್ಟು ಹೊತ್ತಲ್ಲಿ ಯಾರು ಹೆಚ್ಚು ದೂರ ಓಡ್ತಾರೋ ಅವರು ಗೆದ್ದ ಹಾಗೆ. ಗೆಲ್ಲುವ ಕಾರು ಎಷ್ಟೋ ಸಲ 5,000 ಕಿಲೋಮೀಟರ್ ದಾಟುತ್ತೆ. ಬೆಂಗಳೂರಿನಿಂದ ದೆಹಲಿಗೆ ಹೋಗಿ ವಾಪಸ್ ಬಂದರೂ ಅಷ್ಟಾಗಲ್ಲ! ಒಂದು ಕಾರಿಗೆ ಮೂವರು ಡ್ರೈವರ್‌ಗಳು, ಸರದಿಯ ಮೇಲೆ. ಪಿಟ್‌ನಲ್ಲಿ ರಾತ್ರಿಯಿಡೀ ಎಚ್ಚರ ಇರುವ ಮೆಕ್ಯಾನಿಕ್‌ಗಳು, ಎಂಜಿನಿಯರ್‌ಗಳು. ಒಬ್ಬರು ಎಡವಿದರೆ ಎಲ್ಲರೂ ಬಿದ್ದಂತೆ.

ಟೊಯೊಟಾ ಅಂದರೆ ನಮಗೆ ಬಿಡದಿ ಫ್ಯಾಕ್ಟರಿ, ಇನ್ನೋವಾ. 'ಕೆಟ್ಟು ನಿಲ್ಲಲ್ಲ' ಅನ್ನೋ ಹೆಸರು. ಆದರೆ 1985ರಲ್ಲಿ ಲೆ ಮಾನ್‌ಗೆ ಬಂದ ಈ ಕಂಪನಿ ಮೂವತ್ತು ವರ್ಷ ಕಳೆದರೂ ಗೆದ್ದಿರಲಿಲ್ಲ. ಹಲವು ಸಲ ಎರಡನೇ ಸ್ಥಾನ. ಜಪಾನಿನವರೇ ಆದ ಮಾಜ್ಡಾ 1991ರಲ್ಲೇ ಗೆದ್ದಾಗಿತ್ತು.

ಬಂತು 2016ರ ಜೂನ್ 19. ಟೊಯೊಟಾದ 5ನೇ ನಂಬರ್ ಕಾರು ಮುಂದಿದೆ. ಸ್ಟೀರಿಂಗ್ ಹಿಂದೆ ಕಝುಕಿ ನಕಜಿಮಾ. ಹಿಂದೆ ಪೋರ್ಷೆ, ಒಂದು ನಿಮಿಷಕ್ಕಿಂತ ಹೆಚ್ಚು ಅಂತರ. ಅಷ್ಟರಲ್ಲಿ ರೇಡಿಯೋದಲ್ಲಿ ನಕಜಿಮಾ ದನಿ: ಎಂಜಿನ್‌ಗೆ ಪವರ್ ಇಲ್ಲ. ಗಡಿಯಾರದಲ್ಲಿ ಉಳಿದಿದ್ದು ಸುಮಾರು 3 ನಿಮಿಷ. ಕಾರು ಪಿಟ್ ಎದುರಿನ ನೇರ ರಸ್ತೆಯಲ್ಲೇ, ತನ್ನ ತಂಡದ ಕಣ್ಣೆದುರೇ ನಿಂತುಬಿಡ್ತು. ಪೋರ್ಷೆ ದಾಟಿಕೊಂಡು ಹೋಗಿ ಗೆದ್ದಿತು. ಕುಂಟುತ್ತಾ ಕೊನೆಯ ಸುತ್ತು ಮುಗಿಸಿದ ಟೊಯೊಟಾಗೆ ಎರಡನೇ ಸ್ಥಾನವೂ ಸಿಗಲಿಲ್ಲ. ಕೊನೆಯ ಸುತ್ತಿಗೆ ನಿಯಮ ಕೊಟ್ಟ ಸಮಯ ಮೀರಿತ್ತು, ಫಲಿತಾಂಶದ ಪಟ್ಟಿಯಿಂದಲೇ ಹೊರಗೆ.

ಕಾರಣ ಏನು ಗೊತ್ತಾ? ಟರ್ಬೊ ಮತ್ತು ಇಂಟರ್‌ಕೂಲರ್ ನಡುವೆ ಗಾಳಿ ಸಾಗುವ ಪೈಪಿನ ಒಂದು ಕನೆಕ್ಟರ್. ಅಷ್ಟೇ.

2017ರಲ್ಲಿ ಇನ್ನೊಂದು ಪೆಟ್ಟು. ರಾತ್ರಿ ಮುಂಚೂಣಿಯಲ್ಲಿದ್ದ 7ನೇ ನಂಬರ್ ಕಾರು ಪಿಟ್‌ನಿಂದ ಹೊರಡಬೇಕಿತ್ತು, ಕೆಂಪು ದೀಪ. ಬೇರೆ ತಂಡದ ಡ್ರೈವರ್ ಒಬ್ಬರು ಹತ್ತಿರ ಬಂದು ಹುರಿದುಂಬಿಸೋಕೆ ಹೆಬ್ಬೆರಳು ತೋರಿಸಿದರು. ಚಾಲಕ ಕಮುಯಿ ಕೊಬಯಾಶಿ ಅವರನ್ನು ರೇಸ್ ಸಿಬ್ಬಂದಿ ಅಂದುಕೊಂಡು ಹೊರಟರು. ನಿಲ್ಲು ಅಂತ ತಂಡ ಹೇಳಿತು. ಸಾಮಾನ್ಯವಾಗಿ ಈ ಹೈಬ್ರಿಡ್ ಕಾರು ನಿಂತಲ್ಲಿಂದ ಹೊರಡೋದು ಎಲೆಕ್ಟ್ರಿಕ್ ಮೋಟರ್ ಬಲದಿಂದ. ಆ ಗೊಂದಲದಲ್ಲಿ ಪೆಟ್ರೋಲ್ ಎಂಜಿನ್ ಬಲದಲ್ಲಿ ಹೊರಟು ನಿಂತು, ಹೊರಟು ನಿಂತು, ಕ್ಲಚ್ ಕೈಕೊಟ್ಟಿತು.

ನೋಡಿ, ಮೊದಲ ವರ್ಷ ಕೆಟ್ಟಿದ್ದು ಬಿಡಿಭಾಗ. ಎರಡನೇ ವರ್ಷ ತಪ್ಪಿದ್ದು ಮನುಷ್ಯರ ನಡುವಿನ ಮಾತು. ಅದಕ್ಕೇ 2018ಕ್ಕೆ ತಂಡ ತಯಾರಿಯ ದಾರಿ ಬದಲಿಸಿತು. ಪರೀಕ್ಷೆಯ ಓಟಗಳಲ್ಲಿ ತಾವೇ ಬೇಕಂತಲೇ ತೊಂದರೆ ಹುಟ್ಟಿಸಿದರು. ಮೂರೇ ಚಕ್ರದ ಮೇಲೆ ಕಾರು ಓಡಿಸಿ ನೋಡಿದರು. ಏನೂ ಕೆಡದಂಥ ಕಾರು ಕಟ್ಟೋದು ಕಷ್ಟ. ಕೆಟ್ಟಾಗ ಯಾರು ಏನು ಮಾಡಬೇಕು ಅಂತ ಮೊದಲೇ ಕಲಿತಿರಬಹುದಲ್ವಾ?

ಆ ವರ್ಷದ ಹೊತ್ತಿಗೆ ಆಡಿ, ಪೋರ್ಷೆ ಎರಡೂ ಆ ವಿಭಾಗ ಬಿಟ್ಟು ಹೋಗಿದ್ದವು. ಪೈಪೋಟಿ ಇಲ್ಲದ ಗೆಲುವು ಅಂತ ಟೀಕೆ ಬಂತು, ಅದರಲ್ಲಿ ಹುರುಳೂ ಇತ್ತು. ಆದರೆ ಹಿಂದಿನ ಎರಡು ವರ್ಷ ಆ ಕಾರುಗಳನ್ನು ನಿಲ್ಲಿಸಿದ್ದು ಎದುರಾಳಿ ಅಲ್ಲವಲ್ಲ! ಈ ಸಲವೂ ರಾತ್ರಿ 8ನೇ ನಂಬರ್ ಕಾರಿಗೆ ದಂಡ ಬಿತ್ತು. ಸೆಬಾಸ್ಟಿಯನ್ ಬ್ಯೂಮಿ ನಿಧಾನ ವಲಯದಲ್ಲಿ ವೇಗ ಮೀರಿದ್ದರು. ಕಳೆದುಹೋದ ಸಮಯವನ್ನು ಕತ್ತಲಲ್ಲಿ ಸುತ್ತು ಸುತ್ತಿಗೂ ಹಿಂದಕ್ಕೆ ತಂದವರು ಫರ್ನಾಂಡೊ ಅಲೊನ್ಸೊ.

ಕೊನೆಯ ಸರದಿಗೆ ತಂಡ ಸ್ಟೀರಿಂಗ್ ಕೊಟ್ಟಿದ್ದು ಯಾರ ಕೈಗೆ? ಅದೇ ನಕಜಿಮಾ ಕೈಗೆ. 388 ಸುತ್ತು. ಎರಡು ವರ್ಷ ಹಿಂದೆ ಕಾರು ನಿಂತಿದ್ದ ಅದೇ ನೇರ ರಸ್ತೆಯಲ್ಲಿ, ಈ ಸಲ ನಿಲ್ಲದೆ ಗೆರೆ ದಾಟಿದರು.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.