ಕಾಲು ಸೆಕೆಂಡಿನ ಆಡಿಟ್: ಗಾಲ್ಫ್ ಸ್ವಿಂಗ್ ಮತ್ತು ಅತಿ ಯೋಚನೆಯ ಇತಿಹಾಸ

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರಿಗೂ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಗಾಲ್ಫ್. ದಯವಿಟ್ಟು ತಕ್ಷಣ ಸ್ಕಿಪ್ ಮಾಡ್ಬೇಡಿ! ನಮ್ಮಲ್ಲಿ ಹೆಚ್ಚಿನವರು ಗಾಲ್ಫ್ ಕ್ಲಬ್ಬಿನ ಕಾಂಪೌಂಡ್ ಗೋಡೆಯನ್ನ ಬಸ್ಸಿನ ಕಿಟಕಿಯಿಂದ ನೋಡಿದ್ದೇವೆ, ಅಷ್ಟೇ. ನಾನೂ ಅದೇ ಗುಂಪಿನವನು. ಆದರೆ ಇವತ್ತಿನ ಪ್ರಶ್ನೆ ಇಂಟರ್‌ವ್ಯೂಗೆ ಹೋಗೋರಿಗೂ, ವೇದಿಕೆ ಹತ್ತಿ ಹಾಡೋರಿಗೂ, ಆರ್‌ಟಿಒ ಮೈದಾನದಲ್ಲಿ ಎಂಟು ಹಾಕೋರಿಗೂ ಸಂಬಂಧಪಟ್ಟದ್ದು. ನಮಗೆ ಚೆನ್ನಾಗಿ ಬರೋ ಕೆಲಸವನ್ನ ಮಾಡ್ತಾ ಇರುವಾಗಲೇ "ಇದನ್ನ ಹೇಗೆ ಮಾಡ್ತಿದ್ದೀನಿ?" ಅಂತ ಯೋಚಿಸೋಕೆ ಶುರು ಮಾಡಿದ್ರೆ ಏನಾಗುತ್ತೆ? ಈ ಪ್ರಶ್ನೆಗೆ ಗಾಲ್ಫ್‌ನಷ್ಟು ಬೆಲೆ ತೆತ್ತ ಆಟ ಬೇರೊಂದು ಇರಲಿಕ್ಕಿಲ್ಲ.

ಮೊದಲು ಲೆಕ್ಕ. ಬಿ.ಕಾಂ. ಓದಿದವನು, ಅಂಕಿಯಿಂದ ಶುರು ಮಾಡದೆ ಇರೋಕೆ ಆಗಲ್ಲ.

ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರಬಾರದು ಅನ್ನೋದು ನಿಯಮ. ಕ್ಲಬ್ಬನ್ನ ಹಿಂದಕ್ಕೆ ಎತ್ತಿ, ಮೇಲಿಂದ ಚೆಂಡಿನ ಕಡೆ ಇಳಿಸೋಕೆ ಒಳ್ಳೆ ಆಟಗಾರರಿಗೆ ಸುಮಾರು ಕಾಲು ಸೆಕೆಂಡ್ ಸಾಕು. ಕ್ಲಬ್ಬಿನ ತಲೆ ಚೆಂಡಿಗೆ ತಾಗಿರೋದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಹೊತ್ತು. ಇನ್ನೊಂದು ಕಡೆ, ಒಂದು ದೀಪ ಹತ್ತಿದ್ದನ್ನ ನೋಡಿ ಬಟನ್ ಒತ್ತೋ ಅಷ್ಟು ಸುಲಭದ ಕೆಲಸಕ್ಕೂ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಅಂದ್ರೆ ಕ್ಲಬ್ ಇಳಿಯೋಕೆ ಶುರುವಾದ ಮೇಲೆ "ಅಯ್ಯೋ, ಮೊಣಕೈ ಸರಿಯಿಲ್ಲ" ಅಂತ ಹೊಳೆದು, ಅದನ್ನ ತಿದ್ದೋಷ್ಟರಲ್ಲಿ ಚೆಂಡು ಹೋಗಿಯೇ ಬಿಟ್ಟಿರುತ್ತೆ.

ಇದರ ಜೊತೆಗೆ ಗಾಲ್ಫ್‌ನಲ್ಲಿ ಇನ್ನೊಂದು ಪೇಚಿದೆ. ಕ್ರಿಕೆಟ್‌ನಲ್ಲಿ ಚೆಂಡು ನಿಮ್ಮ ಮೇಲೇ ಬರುತ್ತೆ, ಯೋಚಿಸೋಕೆ ಪುರುಸೊತ್ತಿಲ್ಲ. ಚಿನ್ನಿದಾಂಡಿನಲ್ಲೂ ಚಿನ್ನಿ ಚಿಮ್ಮಿದ ಕೂಡಲೇ ಹೊಡೀಬೇಕು. ಗಾಲ್ಫ್ ಚೆಂಡು ಮಾತ್ರ ಹುಲ್ಲಿನ ಮೇಲೆ ಸುಮ್ಮನೆ ಕೂತು ನಿಮ್ಮನ್ನೇ ನೋಡ್ತಿರುತ್ತೆ. ಹೊಡೆಯೋಕೆ ಕಾಲು ಸೆಕೆಂಡ್, ಅದಕ್ಕೆ ಮೊದಲು ತಲೆ ಕೆಡಿಸಿಕೊಳ್ಳೋಕೆ ಬೇಕಾದಷ್ಟು ಸಮಯ. ಸಮಸ್ಯೆ ಹುಟ್ಟೋದು ಇಲ್ಲೇ.

ಈ ತಲೆ ಕೆಡಿಸಿಕೊಳ್ಳೋದು ಹೊಸದೇನಲ್ಲ. 1687ರ ಜನವರಿ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಥಾಮಸ್ ಕಿನ್‌ಕೇಡ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ತನ್ನ ಡೈರಿಯಲ್ಲಿ ಗಾಲ್ಫ್ ಹೊಡೆಯೋ ಬಗೆಯನ್ನ ಬರೆದಿಟ್ಟ. ಕತ್ತಿವರಸೆಗೆ ನಿಂತ ಹಾಗೆ ನಿಲ್ಲಬೇಕು, ಮೊಣಕಾಲು ಸ್ವಲ್ಪ ಬಾಗಿರಬೇಕು, ಕಾಲು, ಬೆನ್ನು, ತೋಳಿನ ಸ್ನಾಯುಗಳನ್ನ ಬಿಗಿ ಹಿಡಿದಿರಬೇಕು ಅಂತೆಲ್ಲ. ಗಾಲ್ಫ್ ಸ್ವಿಂಗ್ ಬಗ್ಗೆ ನಮಗೆ ಸಿಕ್ಕಿರೋ ಅತ್ಯಂತ ಹಳೆಯ ಪಾಠ ಇದು. ಇವತ್ತಿನ ಕೋಚ್‌ಗಳು "ಸಡಿಲ ಬಿಡಿ, ಸಡಿಲ ಬಿಡಿ" ಅಂತ ಬಡ್ಕೋತಾರೆ. ಮೊದಲ ಪಾಠವೇ "ಬಿಗಿ ಹಿಡಿ" ಅಂತಿತ್ತು!

ಆಮೇಲೆ ಕ್ಯಾಮೆರಾ ಬಂತು. 1904ರಲ್ಲಿ ಜಾರ್ಜ್ ಬೆಲ್ಡಮ್ ದೊಡ್ಡ ದೊಡ್ಡ ಗಾಲ್ಫರ್‌ಗಳು ಹೊಡೆಯೋ ಭಂಗಿಗಳನ್ನ ಫೋಟೋ ಹಿಡಿದು ಪುಸ್ತಕವನ್ನೇ ಮಾಡಿದರು. 1931ರಲ್ಲಿ ಬಾಬಿ ಜೋನ್ಸ್ ವಾರ್ನರ್ ಬ್ರದರ್ಸ್ ಕಂಪನಿಗಾಗಿ ಗಾಲ್ಫ್ ಕಲಿಸೋ ಕಿರುಚಿತ್ರಗಳಲ್ಲಿ ಕಾಣಿಸಿಕೊಂಡರು. ಇವತ್ತಿನ ಯೂಟ್ಯೂಬ್ ಟ್ಯುಟೋರಿಯಲ್‌ಗಳ ಮುತ್ತಾತ ಅಂದ್ಕೊಳ್ಳಿ. 1938ರಲ್ಲಿ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಮಿನುಗು ದೀಪ ಹಾಕಿ, ಡೆನ್ಸ್‌ಮೋರ್ ಶೂಟ್ ಅನ್ನೋ ಆಟಗಾರರ ಒಂದೇ ಸ್ವಿಂಗನ್ನ ಹತ್ತಾರು ಚೂರುಗಳಾಗಿ ಒಂದೇ ಚಿತ್ರದಲ್ಲಿ ಸೆರೆ ಹಿಡಿದರು. ನೋಡೋಕೆ ಬೀಸಣಿಗೆ ಬಿಚ್ಚಿದ ಹಾಗಿದೆ.

ಅಲ್ಲಿವರೆಗೆ ಯಾರ ಕಣ್ಣಿಗೂ ಬೀಳದಿದ್ದದ್ದು ಈಗ ಕಾಣ್ತಾ ಇತ್ತು. ಕಂಡದ್ದನ್ನ ತಿದ್ದಬೇಕು ಅನ್ನಿಸೋದು ಸಹಜ. ಒಂದೊಂದು ಹೊಸ ಉಪಕರಣ ಬಂದಾಗಲೂ ಯೋಚಿಸೋ ಪಟ್ಟಿ ಉದ್ದವಾಯ್ತು, ಕಾಲು ಸೆಕೆಂಡ್ ಮಾತ್ರ ಕಾಲು ಸೆಕೆಂಡಾಗೇ ಉಳೀತು.

ಹಾಗಾದ್ರೆ ಯೋಚನೆ ಮಾಡೋದೇ ತಪ್ಪಾ? ಇಲ್ಲಿ ಬೆನ್ ಹೋಗನ್ ಅಡ್ಡ ಬರ್ತಾರೆ. ಸ್ವಿಂಗ್ ಬಗ್ಗೆ ಹೋಗನ್‌ರಷ್ಟು ಯೋಚಿಸಿದವರು ವಿರಳ. 1930ರ ದಶಕದ ಶುರುವಲ್ಲೇ ವೃತ್ತಿಪರ ಆಟಕ್ಕೆ ಇಳಿದರೂ ದೊಡ್ಡ ಟೂರ್‌ನಲ್ಲಿ ಒಬ್ಬರೇ ಗೆದ್ದದ್ದು 1940ರಲ್ಲಿ. ನಡುವಿನ ವರ್ಷಗಳೆಲ್ಲ ಅಭ್ಯಾಸ, ಅಭ್ಯಾಸ, ಅಭ್ಯಾಸ. 1949ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಬಸ್ಸೊಂದು ಅವರ ಕಾರಿಗೆ ಎದುರಿಂದ ಗುದ್ದಿತು. ಮತ್ತೆ ನಡೆಯೋದೇ ಅನುಮಾನ ಅಂದ್ಕೊಂಡಿದ್ದವರು 16 ತಿಂಗಳ ನಂತರ, 1950ರಲ್ಲಿ, ಯುಎಸ್ ಓಪನ್ ಗೆದ್ದರು. 1953ರಲ್ಲಿ ಮೂರು ಮೇಜರ್. 1957ರಲ್ಲಿ ಬಂದ ಅವರ 'ಫೈವ್ ಲೆಸನ್ಸ್' ಇವತ್ತಿಗೂ ಮಾರಾಟವಾಗ್ತಿದೆ. ಅದರಲ್ಲಿ ಒಂದು ಪ್ರಸಿದ್ಧ ಚಿತ್ರ: ಚೆಂಡಿನಿಂದ ಭುಜದವರೆಗೆ ಓರೆಯಾಗಿ ಇಟ್ಟ ದೊಡ್ಡ ಗಾಜು, ಅದರ ತೂತಿನಿಂದ ಹೊರಗೆ ಬಂದ ಆಟಗಾರನ ತಲೆ. ಕೈ ಮೇಲೆ ಹೋಗುವಾಗ ಗಾಜು ಒಡೀಬಾರದು ಅನ್ನೋದು ಪಾಠ.

ಇಲ್ಲಿ ಕ್ರಮ ಗಮನಿಸಿ. ಹೋಗನ್ ಮೊದಲು ವರ್ಷಗಟ್ಟಲೆ ಹೊಡೆದರು, ಆಮೇಲೆ ಬರೆದರು. ಓದುಗರು ಮೊದಲು ಓದಿದರು, ಆಮೇಲೆ ಹೊಡೆಯೋಕೆ ನಿಂತರು. ಹೋಗನ್‌ಗೆ ಆ ಗಾಜು ಮೈಗೆ ಹತ್ತಿದ ಅನುಭವ. ಓದುಗನಿಗೆ ಅದು ಒಡೆದುಹೋಗುತ್ತೇನೋ ಅನ್ನೋ ಭಯ.

ಇದು ಮುಂದೆ ಎಲ್ಲಿಗೆ ಹೋಯ್ತು ಗೊತ್ತಾ? 1969ರಲ್ಲಿ ಹೋಮರ್ ಕೆಲ್ಲಿ ಅನ್ನೋರು 'ದಿ ಗಾಲ್ಫಿಂಗ್ ಮಷೀನ್' ಅಂತ ಪುಸ್ತಕ ತಂದರು. ಅಮೆರಿಕದ ಸಿಯಾಟಲ್‌ನವರು, ಬೋಯಿಂಗ್‌ನಲ್ಲಿ ಕೆಲಸ ಮಾಡಿದವರು. ಸ್ವಿಂಗನ್ನ ಅವರು 24 ಭಾಗಗಳಾಗಿ ಬಿಡಿಸಿಟ್ಟರು, ಪ್ರತಿ ಭಾಗಕ್ಕೂ ಹಲವು ಬಗೆ. ನಮ್ಮ ಟ್ಯಾಲಿ ಸಾಫ್ಟ್‌ವೇರಿನ ಲೆಡ್ಜರ್ ಪಟ್ಟಿ ಥರ! ಆ ಪದ್ಧತಿಯಲ್ಲಿ ಪಳಗಿದ ಪ್ರತಿಭೆ ಬಾಬಿ ಕ್ಲಾಂಪೆಟ್. 1982ರ ಬ್ರಿಟಿಷ್ ಓಪನ್, ರಾಯಲ್ ಟ್ರೂನ್ ಮೈದಾನ, ಹುಡುಗನಿಗೆ 22 ವರ್ಷ. ಮೊದಲ ಎರಡು ದಿನ 67, 66. ಐದು ಹೊಡೆತಗಳ ಮುನ್ನಡೆ. ಮೂರನೇ ದಿನ ಆರನೇ ಹೋಲ್‌ನಲ್ಲಿ ಚೆಂಡು ಒಂದು ಮರಳುಗುಂಡಿಯಿಂದ ಇನ್ನೊಂದಕ್ಕೆ ಬಿದ್ದು 8 ಹೊಡೆತ ಹೋಯ್ತು. ಕೊನೆಯ ಎರಡು ದಿನ 78, 77. ಗೆದ್ದವರು ಟಾಮ್ ವಾಟ್ಸನ್.

ಇದಕ್ಕೆ ಆ ಪುಸ್ತಕವೇ ಕಾರಣ ಅಂತ ನಾನು ಹೇಳಲ್ಲ. ಮರಳುಗುಂಡಿಗೆ ಯಾರು ಯಾವ ಪುಸ್ತಕ ಓದಿದ್ದಾರೆ ಅನ್ನೋದು ಬೇಕಿಲ್ಲ. ಆ ಮೊದಲ ಎರಡು ದಿನದ ಚಂದದ ಆಟವೂ ಅದೇ ಪದ್ಧತಿಯದ್ದೇ ತಾನೆ?

ನನ್ನನ್ನ ನಿಜಕ್ಕೂ ಕಲಕಿದ್ದು ಇಯಾನ್ ಬೇಕರ್-ಫಿಂಚ್ ಕಥೆ. ಆಸ್ಟ್ರೇಲಿಯಾದವರು. 1991ರಲ್ಲಿ ರಾಯಲ್ ಬರ್ಕ್‌ಡೇಲ್‌ನಲ್ಲಿ ಬ್ರಿಟಿಷ್ ಓಪನ್ ಗೆದ್ದರು. ಕೊನೆಯ ದಿನ ಮೊದಲ ಒಂಬತ್ತು ಹೋಲ್‌ಗಳಿಗೆ ಬರೀ 29 ಹೊಡೆತ. ಇಷ್ಟಾದ ಮೇಲೆ ಇನ್ನೇನು ಬೇಕು? ಅವರಿಗೆ ಚೆಂಡು ಇನ್ನಷ್ಟು ದೂರ ಹೋಗಬೇಕಿತ್ತು. ಸ್ವಿಂಗ್ ಬದಲಾಯಿಸೋಕೆ ಹೊರಟರು. ಒಬ್ಬರ ಸಲಹೆ, ಇನ್ನೊಬ್ಬರ ಸಲಹೆ, ಅದರ ಮೇಲೆ ಮತ್ತೊಂದು. 1995ರಲ್ಲಿ ಸೇಂಟ್ ಆ್ಯಂಡ್ರೂಸ್‌ನ ಮೊದಲ ಹೋಲ್‌ನಲ್ಲಿ, ಗಾಲ್ಫ್ ಲೋಕದಲ್ಲೇ ಅತಿ ಅಗಲ ಅನ್ನೋ ಹುಲ್ಲುಹಾಸಿನಲ್ಲಿ, ಅವರ ಮೊದಲ ಹೊಡೆತವೇ ಎಡಕ್ಕೆ ತಿರುಗಿ ಮೈದಾನದ ಗಡಿ ದಾಟಿತು. ಅಭ್ಯಾಸದ ಜಾಗದಲ್ಲಿ ಚೆನ್ನಾಗೇ ಹೊಡೀತಿದ್ದ ಮನುಷ್ಯ, ಸ್ಕೋರ್ ಲೆಕ್ಕಕ್ಕೆ ಬರೋ ಕಡೆ ನಿಂತ ಕೂಡಲೇ ಕಳೆದುಹೋಗ್ತಿದ್ದರು. 1997ರ ಓಪನ್, ಮತ್ತೆ ರಾಯಲ್ ಟ್ರೂನ್. ಮೊದಲ ದಿನ 92, ಪಾರ್‌ಗಿಂತ 21 ಹೆಚ್ಚು. ಎರಡನೇ ದಿನ ಆಡಲೇ ಇಲ್ಲ. ಆರು ವರ್ಷದ ಹಿಂದೆ ಅದೇ ಟ್ರೋಫಿ ಎತ್ತಿದ್ದ ವ್ಯಕ್ತಿ! ಮೂವತ್ತಾರನೇ ವಯಸ್ಸಿಗೆ ಟೂರ್ ಬಿಟ್ಟು, ಆಮೇಲೆ ಟಿವಿ ಕಾಮೆಂಟೇಟರ್ ಆದರು.

ಇಂಥದ್ದು ಯಾಕಾಗುತ್ತೆ ಅಂತ ವಿಜ್ಞಾನಿಗಳೂ ಅದೇ ಕಾಲದಲ್ಲಿ ಹುಡುಕ್ತಾ ಇದ್ದರು. 1992ರಲ್ಲಿ ರಿಚ್ ಮಾಸ್ಟರ್ಸ್ ಅನ್ನೋ ಸಂಶೋಧಕರು ಹೊಸಬರಿಗೆ ಗಾಲ್ಫ್ ಪಟ್ಟಿಂಗ್, ಅಂದ್ರೆ ಚೆಂಡನ್ನ ಕುಳಿಗೆ ಉರುಳಿಸೋದನ್ನ, ಎರಡು ಥರ ಕಲಿಯೋಕೆ ಬಿಟ್ಟರು. ಕೆಲವರಿಗೆ ವಿವರವಾದ ನಿಯಮಗಳು. ಇನ್ನು ಕೆಲವರಿಗೆ ನಿಯಮವೇ ಇಲ್ಲ, ಮೇಲಾಗಿ ಹೊಡೆಯುವಾಗ ಬಾಯಲ್ಲಿ ಅಡ್ಡಾದಿಡ್ಡಿ ಅಕ್ಷರ ಹೇಳ್ತಿರಬೇಕು. ಅಂದ್ರೆ ಯೋಚಿಸೋ ಬಾಗಿಲಿಗೇ ಚಿಲಕ. ಆಮೇಲೆ ಒತ್ತಡ ಹಾಕಿದಾಗ ನಿಯಮ ಕಲಿತವರು ಎಡವಿದರು, ಅಕ್ಷರ ಹೇಳಿದವರು ಸುಧಾರಿಸ್ತಾನೇ ಹೋದರು. ಇದಕ್ಕೆ ಮಾಸ್ಟರ್ಸ್ ಬಳಸಿದ ಪದ ಕೇಳಿ ನನಗೆ ನಗು ಬಂತು: ರೀಇನ್ವೆಸ್ಟ್‌ಮೆಂಟ್. ಕಲಿತ ನಿಯಮಗಳನ್ನ ಒತ್ತಡದ ಹೊತ್ತಲ್ಲಿ ಮತ್ತೆ ಕೆಲಸದ ಮೇಲೆ ಹೂಡೋದು. ಕಾಮರ್ಸ್ ಕ್ಲಾಸಿನಲ್ಲಿ ರೀಇನ್ವೆಸ್ಟ್ ಮಾಡೋದು ಒಳ್ಳೇದು ಅಂತ ಕಲಿಸಿದ್ದರು. ಇಲ್ಲಿ ಬಂಡವಾಳವೇ ಮುಳುಗುತ್ತೆ.

1999ರಲ್ಲಿ ಗೇಬ್ರಿಯೆಲ್ ವುಲ್ಫ್ ಮತ್ತು ಜೊತೆಗಾರರು ಇನ್ನೊಂದು ತುಂಡು ಜೋಡಿಸಿದರು. ಹೊಸಬರಲ್ಲಿ ತೋಳಿನ ಚಲನೆ ಕಡೆ ಗಮನ ಇಟ್ಟವರಿಗಿಂತ ಕ್ಲಬ್ಬಿನ ಚಲನೆ ಕಡೆ ಗಮನ ಇಟ್ಟವರು ಚೆನ್ನಾಗಿ ಹೊಡೆದರು. ವ್ಯತ್ಯಾಸ ಒಂದು ಮೊಳದಷ್ಟು ದೂರದ್ದು, ಫಲ ಬೇರೆ. 2004ರಲ್ಲಿ ಸಿಯಾನ್ ಬೈಲಾಕ್ ತಂಡ ಇನ್ನೂ ಕುತೂಹಲದ್ದು ತೋರಿಸಿತು. ಬೇಗ ಹೊಡೀರಿ ಅಂದಾಗ ನುರಿತವರ ಪಟ್ಟಿಂಗ್ ಸುಧಾರಿಸಿತು. ಹೊಸಬರಿಗೆ ನಿಧಾನವಾಗಿ, ನಿಖರವಾಗಿ ಅನ್ನೋದೇ ಒಳ್ಳೇದಾಯ್ತು. ಆದ್ದರಿಂದ "ಯೋಚಿಸಲೇಬೇಡಿ" ಅನ್ನೋ ಉಪದೇಶ ಎಲ್ಲರಿಗೂ ಸಲ್ಲಲ್ಲ. ಕಲಿಯುವ ದಿನಗಳಿಗೆ ಒಂದು ಲೆಕ್ಕ, ಕಲಿತಾದ ಮೇಲೆ ಇನ್ನೊಂದು.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ನೆನಪಿದೆ. 2021ರ ಆಗಸ್ಟ್ 7ರ ಬೆಳಗ್ಗೆ ಗಾಲ್ಫ್ ಅಂದ್ರೇನು ಅಂತ ಗೊತ್ತಿಲ್ಲದೋರೂ ಮೊಬೈಲ್ ಹಿಡಿದು ಟೋಕಿಯೋ ಒಲಿಂಪಿಕ್ಸ್ ನೋಡ್ತಿದ್ದರು. ಬೆಂಗಳೂರಿನ ಅದಿತಿ ಅಶೋಕ್, ಕ್ಯಾಡಿಯಾಗಿ ಅವರ ಅಮ್ಮ. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಅದಿತಿ ಅತಿ ದೂರ ಹೊಡೆಯೋರ ಸಾಲಿನವರಲ್ಲ. ಎದುರಾಳಿಗಳ ಚೆಂಡು ಮುಂದೆ ಹೋಗಿ ಬಿದ್ದಿರುತ್ತೆ, ಇವರು ಪಟ್ಟರ್ ಹಿಡಿದು ಆ ಅಂತರವನ್ನ ತುಂಬ್ತಾರೆ. ಆ ಹೊತ್ತಲ್ಲಿ ಅವರ ತಲೆಯೊಳಗೆ ಏನಿತ್ತು ಅಂತ ನಾನು ಊಹಿಸೋಕೆ ಹೋಗಲ್ಲ. ಆದರೆ ಬೇಕರ್-ಫಿಂಚ್ ದೂರದ ಬೆನ್ನು ಹತ್ತಿ ಹೋದದ್ದು ನೆನಪಿದ್ದರೆ, ಇರೋದನ್ನ ಇಟ್ಟುಕೊಂಡು ಆಡೋದರ ಬೆಲೆ ಗೊತ್ತಾಗುತ್ತೆ.

ನನಗೆ ಇದೆಲ್ಲದರಿಂದ ಸಿಕ್ಕಿದ್ದು ಒಂದು ಅಂಗಡಿ ಲೆಕ್ಕ. ಆಡಿಟ್ ಬೇಕು. ಆಡಿಟ್ ಇಲ್ಲದ ವ್ಯಾಪಾರ ಒಂದಿನ ಮುಳುಗುತ್ತೆ. ಹೋಗನ್ ಕೂಡ ತಮ್ಮ ಸ್ವಿಂಗನ್ನ ಸಾವಿರ ಸಲ ಆಡಿಟ್ ಮಾಡಿದವರೇ. ಆದರೆ ಹಬ್ಬದ ಸಂಜೆ, ಗಿರಾಕಿಗಳು ಕ್ಯೂ ನಿಂತಿರುವಾಗ ಶಟರ್ ಎಳೆದು ಯಾರೂ ವೋಚರ್ ಎಣಿಸಲ್ಲ. ಅಭ್ಯಾಸದ ಹೊತ್ತು ಆಡಿಟ್‌ನದ್ದು, ಆ ಕಾಲು ಸೆಕೆಂಡ್ ವ್ಯಾಪಾರದ್ದು.

ಹಿಂದೆ ಎಡ್ಜರ್ಟನ್‌ಗೆ ಪ್ರಯೋಗಾಲಯ ಬೇಕಿತ್ತು. ಈಗ ನಮ್ಮೆಲ್ಲರ ಜೇಬಿನಲ್ಲೂ ಸ್ಲೋ ಮೋಷನ್ ಇದೆ. ಡ್ಯಾನ್ಸ್, ಬೌಲಿಂಗ್, ಭಾಷಣ, ಜಿಮ್, ಎಲ್ಲವನ್ನೂ ಚೂರು ಚೂರು ಮಾಡಿ ನೋಡಬಹುದು. ನೋಡಿ, ತಿದ್ದಿಕೊಳ್ಳಿ. ನಾಳೆ ಇಂಟರ್‌ವ್ಯೂ ಇದ್ದರೆ ಇವತ್ತು ರಾತ್ರಿ ಹತ್ತು ಸಲ ರೆಕಾರ್ಡ್ ಮಾಡಿ ನೋಡಿ. ಬಾಗಿಲು ತಟ್ಟಿ ಒಳಗೆ ಹೋದ ಮೇಲೆ ಮಾತ್ರ ಎದುರಿಗಿರೋರ ಮುಖ ನೋಡಿ ಮಾತಾಡಿ, ನಿಮ್ಮ ಕೈ ಎಲ್ಲಿದೆ ಅನ್ನೋದನ್ನ ಕೈಗೇ ಬಿಟ್ಟುಬಿಡಿ.

ನಿಮಗೆ ಚೆನ್ನಾಗಿ ಬರ್ತಿದ್ದ ಯಾವ ಕೆಲಸ ಯೋಚಿಸಿ ಯೋಚಿಸಿ ಕೆಟ್ಟಿದೆ? ವಾಯ್ಸ್ ನೋಟ್ ಕಳಿಸಿ, ಆಯ್ದವನ್ನ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಕಳಿಸೋ ಮುಂಚೆ ಹತ್ತು ಸಲ ರೀಟೇಕ್ ಬೇಡ, ಆಯ್ತಾ? ಸಿಗೋಣ.