ಲಾಂಗ್ ರೈಫಲ್: ಮರದ ಮರೆಯ ಲೋಹ ಮತ್ತು ತುಕ್ಕು

ಲಾಂಗ್ ರೈಫಲ್ 18ನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಮುಖ್ಯವಾಗಿ ಲ್ಯಾಂಕಾಸ್ಟರ್ ಸುತ್ತಮುತ್ತ, ಜರ್ಮನ್ ಮೂಲದ ಕುಶಲಕರ್ಮಿಗಳ ಕೈಯಲ್ಲಿ ರೂಪುಗೊಂಡ ಚಕಮಕಿ ಕೋವಿ. ಕೆಂಟಕಿ ರೈಫಲ್ ಎಂಬ ಹೆಸರೂ ಇದಕ್ಕಿದೆ. ಸಾಮಾನ್ಯವಾಗಿ 40 ಅಂಗುಲ ಮೀರುವ ಇದರ ಎಂಟು ಪಟ್ಟಿಯ ನಳಿಗೆ, ಬಾಯಿಯವರೆಗೂ ಚಾಚಿದ ಮೇಪಲ್ ಮರದಲ್ಲಿ ಕೊರೆದ ಕಾಲುವೆಯೊಳಗೆ ಕೂತಿರುತ್ತದೆ. ಹೀಗಾಗಿ ನಳಿಗೆಯ ಅರ್ಧದಷ್ಟು ಮೈ ಕಣ್ಣಿಗೆ ಬೀಳುವುದೇ ಇಲ್ಲ. ಮರದೊಳಗೆ ಅಡಗಿರುವುದು ಅದೊಂದೇ ಅಲ್ಲ. ನಳಿಗೆಯ ಹಿಂತುದಿಯನ್ನು ಮುಚ್ಚುವ ತಿರುಪಿನ ಬಿರಡೆ, ಅದರ ಬಾಲದಂಥ ಪಟ್ಟಿ, ನಳಿಗೆಯ ಅಡಿಯ ಕೊಂಡಿಗಳು, ಅವುಗಳನ್ನು ಹಿಡಿಯುವ ಪಿನ್ನುಗಳು, ಕಿಡಿ ಹೊತ್ತಿಸುವ ಲಾಕಿನ ಒಳಗಿನ ಸ್ಪ್ರಿಂಗುಗಳು, ಟ್ರಿಗರಿನ ತಗಡು, ತಿರುಪುಗಳು ಎಲ್ಲವೂ ಮರದ ಮರೆಯಲ್ಲೇ ಇವೆ.

ಈ ಭಾಗಗಳಿಗೆ ತುಕ್ಕು ತಗಲುವುದು ಹೆಚ್ಚಾಗಿ ಮಳೆಯಿಂದಲ್ಲ, ಕೋವಿ ತೊಳೆಯುವ ನೀರಿನಿಂದ. ಕರಿಮದ್ದಿನಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ ಇರುತ್ತದೆ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ತೂಕ ಹೊಗೆಯ ಕಣಗಳಾಗಿ, ಘನ ಮಸಿಯಾಗಿ ಉಳಿಯುತ್ತದೆ. ಮಸಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗಂಧಕದ ಲವಣಗಳು ಕಬ್ಬಿಣವನ್ನು ಕೊರೆಯುತ್ತವೆ. ನಳಿಗೆಗೆ ನೀರು ಹೊಯ್ದು ತೊಳೆದರೆ ಈ ಲವಣಗಳೆಲ್ಲ ಕರಗಿ ಪಕ್ಕದ ಕಿಡಿರಂಧ್ರದಿಂದ ಹೊರಬರುತ್ತವೆ, ಲಾಕಿನ ಹಿಂಬದಿಗೂ ನಳಿಗೆಯ ಅಡಿಗೂ ಇಳಿಯುತ್ತವೆ. ಮರ ಆ ನೀರನ್ನು ಕುಡಿದು ದಿನಗಟ್ಟಲೆ ಕಬ್ಬಿಣಕ್ಕೆ ಒತ್ತಿ ಹಿಡಿದಿರುತ್ತದೆ. ಹೊರಗೆ ಮಿರುಗುವ ಕೋವಿಯ ಒಳಗೆ ಗುಳಿ ಬೀಳುವುದು ಹೀಗೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ತೆಳುವಾದ ಮರ ಸೀಳುವುದೂ ಉಂಟು.

ಇನ್ನೊಂದು ಕಾರಣ ತಯಾರಿಕೆಯಲ್ಲೇ ಇದೆ. ಮೇಪಲ್ ಮರದ ಅಲೆಅಲೆ ಗೆರೆಗಳನ್ನು ಎದ್ದು ಕಾಣಿಸಲು ಅದಕ್ಕೆ ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲ ಬಳಿದು ಬಿಸಿ ತಾಗಿಸುವುದು ಹಳೆಯ ಪದ್ಧತಿ. ಕಾಲುವೆಯೊಳಗೆ ಆಮ್ಲದ ಶೇಷ ಉಳಿದರೆ ಹೊಸ ಕೋವಿಗೂ ಬೇಗನೆ ತುಕ್ಕು ಹಿಡಿಯುತ್ತದೆ. ಅದನ್ನು ಅಡಿಗೆ ಸೋಡಾದ ನೀರಿನಿಂದ ಶಮನಗೊಳಿಸಿ, ಪೂರ್ತಿ ಒಣಗಿಸಿ, ಅಗಸೆ ಎಣ್ಣೆ ಅಥವಾ ವಾರ್ನಿಷಿನಿಂದ ಕಾಲುವೆಯ ಒಳಮೈಯನ್ನೂ ಮುಚ್ಚಬೇಕು. ಹೊರಮೈಗೆ ಹತ್ತು ಪದರ ಬಳಿದು ಒಳಗನ್ನು ಹಸಿ ಮರವಾಗಿಯೇ ಬಿಡುವುದು ದೊಡ್ಡ ತಪ್ಪು.

ಕಾಣದ ಲೋಹಕ್ಕೆ ತೆಳು ಎಣ್ಣೆಗಿಂತ ಮೇಣವೇ ಮೇಲು. ಎಣ್ಣೆ ಹರಿದು ಮರಕ್ಕೆ ಇಳಿಯುತ್ತದೆ. ಪೆಟ್ರೋಲಿಯಂ ಎಣ್ಣೆ ವರ್ಷಗಟ್ಟಲೆ ನೆನೆದರೆ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಜೇನುಮೇಣವನ್ನು ಸ್ವಲ್ಪ ಅಗಸೆ ಎಣ್ಣೆ ಅಥವಾ ಟರ್ಪೆಂಟೈನ್ ಜೊತೆ ಕಲಸಿ, ಬೆಚ್ಚಗೆ ಮಾಡಿದ ನಳಿಗೆಯ ಅಡಿಮೈಗೆ ತೆಳ್ಳಗೆ ಸವರಿದರೆ ಅದು ಸಣ್ಣ ಗುಳಿಗಳಿಗೂ ಇಳಿದು ನಿಲ್ಲುತ್ತದೆ. ಟರ್ಪೆಂಟೈನ್ ಬೆರೆಸುವಾಗ ಬೆಂಕಿ ಹತ್ತಿರ ಇರಕೂಡದು. ಕೊಬ್ಬು ಬಳಸುವುದಾದರೆ ಉಪ್ಪು ಸೋಕಿರಬಾರದು. ಲಾಕಿಗೆ ಮಾತ್ರ ಮೇಣ ಸಲ್ಲದು. ಅದರ ಚಲಿಸುವ ಕೀಲುಗಳಿಗೆ ಒಂದೊಂದು ಹನಿ ಯಂತ್ರದ ಎಣ್ಣೆ ಸಾಕು. ಅಗಸೆ ಎಣ್ಣೆ ಹಾಕಿದರೆ ಒಣಗಿ ಅಂಟಾಗಿ ಚಕಮಕಿ ಕಲ್ಲು ಹಿಡಿದ ಕುದುರೆಯನ್ನೇ ತಡೆಯುತ್ತದೆ.

ಬಿಚ್ಚುವ ಮೊದಲು, ಈಡು ತುಂಬುವ ಕೋಲಾದ ಗಜವನ್ನು ನಳಿಗೆಯ ತಳದವರೆಗೆ ಇಳಿಸಿ, ಅದು ಇಳಿದ ಆಳವನ್ನು ನಳಿಗೆಯ ಹೊರಗೆ ಹಿಡಿದು ಅಳೆಯಲೇಬೇಕು. ಹಳೆಯ ಕೋವಿಗಳಲ್ಲಿ ಈಡು ಹಾಗೇ ಉಳಿದಿರುವುದು ಅಪರೂಪವಲ್ಲ. ಲಾಕನ್ನು ಪ್ರತಿ ಬಾರಿ ಶುಚಿಮಾಡುವಾಗಲೂ ಕಳಚಬಹುದು. ನಳಿಗೆಯ ಮಾತು ಬೇರೆ. ಪಿನ್ನನ್ನು ಹೊಡೆದು ತೆಗೆದ ಪ್ರತಿ ಸಲವೂ ರಂಧ್ರ ಸವೆಯುತ್ತದೆ, ಮರದ ಅಂಚು ಚಕ್ಕೆ ಏಳುತ್ತದೆ. ಸೇಂಟ್ ಲೂಯಿಸ್‌ನ ಹಾಕನ್ ಸಹೋದರರು 19ನೆಯ ಶತಮಾನದಲ್ಲಿ ಮಾಡಿದ ಮೋಟು ಮರದ ರೈಫಲ್‌ಗಳಲ್ಲಿ ಬೆಣೆ ಎಳೆದರೆ ನಳಿಗೆ ಕೊಕ್ಕೆಯಿಂದ ಸುಲಭವಾಗಿ ಮೇಲೇಳುತ್ತದೆ. ಲಾಂಗ್ ರೈಫಲ್‌ಗೆ ಆ ಅನುಕೂಲವಿಲ್ಲ. ಆದ್ದರಿಂದ ಪದೇ ಪದೇ ಬಿಚ್ಚುವುದಕ್ಕಿಂತ ನೀರು ಒಳಗೆ ಹೋಗದಂತೆ ನೋಡಿಕೊಳ್ಳುವುದೇ ನಿಜವಾದ ರಕ್ಷಣೆ. ಕಿಡಿರಂಧ್ರಕ್ಕೆ ಕಡ್ಡಿ ತುರುಕಿ, ನೀರು ಹೊಯ್ಯುವ ಬದಲು ಒದ್ದೆ ಬಟ್ಟೆಯ ತುಂಡುಗಳಿಂದ ಒರೆಸಿ, ಕೊನೆಗೆ ಒಣಬಟ್ಟೆ ಆಡಿಸಬೇಕು. ನಳಿಗೆಯ ಒಳಗೆ ಎಣ್ಣೆ ಸವರಿದ ಮೇಲೆ ಕೆಲವು ಗಂಟೆ ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಹಿಂದಕ್ಕೆ ಹರಿದು ಮರಕ್ಕೆ ಸೇರುವುದಿಲ್ಲ. ಚರ್ಮದ ಚೀಲದಲ್ಲಿ ದೀರ್ಘಕಾಲ ಇಡಬಾರದು. ಚರ್ಮ ತೇವವನ್ನೂ ಹದಮಾಡಲು ಬಳಸಿದ ಲವಣಗಳನ್ನೂ ಹಿಡಿದಿರುತ್ತದೆ.

ಲಾಂಗ್ ರೈಫಲ್ ಕನ್ನಡ ನಾಡಿನದಲ್ಲ. ಆದರೆ ಮರದೊಳಗಿನ ತುಕ್ಕಿನ ತೊಂದರೆ ಕೊಡಗು, ಮಲೆನಾಡಿನ ಕೇಪಿನ ಕೋವಿಗಳಿಗೂ ಇದೆ. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡವರು ಆಯುಧಗಳನ್ನು ಶುಚಿಮಾಡಿ ಪೂಜಿಸುತ್ತಾರೆ. ಮುಂಗಾರಿನ ಜೋರು ತಗ್ಗುವ ಆ ಹೊತ್ತು ಮರದೊಳಗಿನ ಲೋಹವನ್ನು ಪರೀಕ್ಷಿಸುವುದಕ್ಕೂ ತಕ್ಕ ಸಮಯ.

ವಸ್ತುಸಂಗ್ರಹಾಲಯಗಳಲ್ಲಿ ಜೇನುಮೇಣದ ಬದಲು ಆಮ್ಲರಹಿತವಾದ ಮೈಕ್ರೊಕ್ರಿಸ್ಟಲೈನ್ ಮೇಣ ಬಳಕೆಯಲ್ಲಿದೆ. ಇಂಥ ಮೇಣಗಳಲ್ಲಿ ಪ್ರಸಿದ್ಧವಾದ ರೆನೆಸಾನ್ಸ್ ಮೇಣ 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. ತುಕ್ಕು ತೆಗೆಯುವಾಗಲೂ ಎಚ್ಚರ ಬೇಕು: ನಳಿಗೆಯ ಅಡಿಯಲ್ಲಿ ತಯಾರಕನ ಗುರುತು ಇರುವ ಸಾಧ್ಯತೆ ಇದೆ. ಅದನ್ನು ಉಜ್ಜಿ ಅಳಿಸಿದರೆ ಇತಿಹಾಸವೇ ಅಳಿದಂತೆ. ಮನೆಯಲ್ಲಿ ತಲೆಮಾರುಗಳಿಂದ ಬಂದ ಕೋವಿ ಇದ್ದರೆ ಅದರ ಪಿನ್ನುಗಳನ್ನು ತಾವೇ ಹೊಡೆದು ತೆಗೆಯದೆ ಅನುಭವಿ ಸಂರಕ್ಷಕರಿಗೆ ಒಪ್ಪಿಸಿ.